ತಲೆಕೆಳಗಾಗದ ರಾಣಿ

ದೀಪಾವಳಿ ಕಳೆದು, ಮೋಡ ಸರಿದು, ಆಕಾಶ ತಿಳಿಯಾಗುವ ಹೊತ್ತಿಗೆ ಓದುಗರಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಉತ್ತರದ ಕಡೆ ಐದು ನಕ್ಷತ್ರಗಳು ಇಂಗ್ಲಿಷಿನ ‘ಎಂ’ ಅಕ್ಷರದ ಹಾಗೆ ಕಾಣುತ್ತವಲ್ಲ, ಅವು ಯಾವುವು? ಮೊಬೈಲಿನಲ್ಲಿ ಆ್ಯಪ್ ಹಾಕಿಕೊಂಡು ನೋಡಿದವರ ಪ್ರಶ್ನೆ ಇನ್ನೊಂದು ಹೆಜ್ಜೆ ಮುಂದಿರುತ್ತದೆ. ಆ್ಯಪ್ ಅದನ್ನು ಕ್ಯಾಸಿಯೊಪಿಯಾ ಎನ್ನುತ್ತದೆ, ಕುರ್ಚಿಯ ಮೇಲೆ ಕೂತ ಹೆಂಗಸಿನ ಚಿತ್ರ ತೋರಿಸುತ್ತದೆ. ಐದು ಚುಕ್ಕೆಗಳಲ್ಲಿ ಹೆಂಗಸೆಲ್ಲಿ, ಕುರ್ಚಿಯೆಲ್ಲಿ? ಈ ಎರಡನೆಯ ಪ್ರಶ್ನೆಗೆ ಸಾವಧಾನವಾಗಿ ಉತ್ತರ ಬರೆಯಬೇಕೆಂದು ನನಗೆ ಬಹಳ ದಿನಗಳಿಂದ ಆಸೆ. ನಕ್ಷತ್ರ ಪರಿಚಯದ ಬರಹಗಳಲ್ಲಿ ಸಾಮಾನ್ಯವಾಗಿ ಗ್ರೀಕ್ ಕಥೆಯನ್ನು ನಾಲ್ಕು ಸಾಲಿನಲ್ಲಿ ಮುಗಿಸಿ ವಿಜ್ಞಾನಕ್ಕೆ ದಾಟುತ್ತಾರೆ, ಕಥೆಗೂ ಆಕಾಶಕ್ಕೂ ಸಂಬಂಧವೇ ಇಲ್ಲವೇನೋ ಎನ್ನುವಂತೆ. ಕ್ಯಾಸಿಯೊಪಿಯಾಳ ಮಟ್ಟಿಗೆ ಅದು ದೊಡ್ಡ ನಷ್ಟ. ಆ ಕಥೆ ಕಟ್ಟಿದವರು ಯಾವ ನೆಲದಲ್ಲಿ ನಿಂತಿದ್ದರು, ಯಾವ ಕಾಲದಲ್ಲಿ ಬದುಕಿದ್ದರು ಎಂಬುದು ಆ ಕಥೆಯೊಳಗೇ ಉಳಿದುಕೊಂಡಿದೆ.

ಮೊದಲು ಗುರುತು. ನವೆಂಬರ್ ಕೊನೆಯ ವಾರ, ರಾತ್ರಿ ಒಂಬತ್ತೂಕಾಲರ ಆಸುಪಾಸಿನಲ್ಲಿ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ದಿಗಂತಕ್ಕೂ ನೆತ್ತಿಗೂ ಹೆಚ್ಚುಕಡಿಮೆ ನಡುವೆ ಆ ‘ಎಂ’ ನೆಟ್ಟಗೆ ನಿಂತಿರುತ್ತದೆ. ಅದರ ಎಡ ಶಿಖರದಲ್ಲಿರುವ ನಕ್ಷತ್ರ ಶೆದರ್, ಅದು ರಾಣಿಯ ಎದೆ. ಅದಕ್ಕೆ ನೇರ ಮೇಲೆ ಮಸುಕಾದ ಇನ್ನೊಂದು ಚುಕ್ಕೆಯಿದೆ, ಅದು ತಲೆ. ನಡುವಿನ ನಕ್ಷತ್ರ ಸೊಂಟ, ಬಲ ಶಿಖರದ ರುಕ್ಬಾ ಮೊಣಕಾಲು, ಬಲಗಡೆ ಕೆಳಗಿನ ಸೆಗಿನ್ ಕಾಲು. ಎಡಗಡೆ ಕೆಳಗಿರುವ ಕಾಫ್ ಕುರ್ಚಿಯ ಒರಗು. ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಟಾಲೆಮಿ ತನ್ನ ‘ಅಲ್ಮಜೆಸ್ಟ್’ನಲ್ಲಿ 48 ನಕ್ಷತ್ರಪುಂಜಗಳ ಪಟ್ಟಿ ಮಾಡಿದಾಗ ಈ ಪುಂಜಕ್ಕೆ 13 ನಕ್ಷತ್ರಗಳನ್ನು ಲೆಕ್ಕ ಹಿಡಿದು, ಒಂದೊಂದೂ ಮೈಯ ಯಾವ ಭಾಗ ಎಂದು ಬರೆದಿಟ್ಟ. ನಾನು ಮೇಲೆ ಹೇಳಿದ ಗುರುತುಗಳು ಆ ಪರಂಪರೆಯವೇ. ಹಳ್ಳಿ ಶಾಲೆಗಳಲ್ಲಿ ಮಕ್ಕಳಿಗೆ ಆಕಾಶ ತೋರಿಸುವಾಗ ಹೀಗೆ ಎದೆ, ಸೊಂಟ, ಮೊಣಕಾಲು ಎಂದು ಬೆರಳಿಟ್ಟು ತೋರಿಸಿದರೆ ಸಾಕು, ಅರೆಕ್ಷಣದಲ್ಲಿ ಅವರಿಗೆ ಕೂತ ಹೆಂಗಸು ಕಾಣುತ್ತಾಳೆ. ಆಮೇಲೆ ಅವರು ಕೇಳುವ ಪ್ರಶ್ನೆ ಒಂದೇ: ಅವಳು ಯಾಕೆ ಅಲ್ಲಿ ಕೂತಿದ್ದಾಳೆ?

ಕ್ಯಾಸಿಯೊಪಿಯಾ ಇಥಿಯೋಪಿಯಾದ ರಾಣಿ. ಅರಸ ಸೀಫಿಯಸ್ ಅವಳ ಗಂಡ, ಆಂಡ್ರೊಮಿಡಾ ಮಗಳು. ಗ್ರೀಕರು ಇಥಿಯೋಪಿಯಾ ಎಂದದ್ದು ಈಗಿನ ದೇಶವನ್ನಲ್ಲ. ತಮ್ಮ ದಕ್ಷಿಣಕ್ಕೆ, ಬಿಸಿಲು ಸುಡುವ ನಾಡಿನಲ್ಲಿ ಇರುವ ಕಪ್ಪು ಮೈಬಣ್ಣದ ಜನರ ಸೀಮೆಯನ್ನು. ಸಮುದ್ರದ ಮುದುಕ ನೆರಿಯಸ್‌ನ ಐವತ್ತು ಹೆಣ್ಣುಮಕ್ಕಳಾದ ನೆರೀಯಿಡ್‌ಗಳಿಗಿಂತ ತಾನೇ ಚೆಲುವೆ ಎಂದು ರಾಣಿ ಹೇಳಿಕೊಂಡಳಂತೆ. ತಾನಲ್ಲ, ತನ್ನ ಮಗಳು ಚೆಲುವೆ ಎಂದಳು ಎನ್ನುವ ಪಾಠವೂ ಇದೆ. ನೆರೀಯಿಡ್‌ಗಳಲ್ಲಿ ಒಬ್ಬಳಾದ ಆಂಫಿಟ್ರೈಟಿ ಸಮುದ್ರದೇವ ಪೊಸೈಡನ್‌ನ ಹೆಂಡತಿ. ಆತ ಸಿಟ್ಟಿಗೆದ್ದು ನಾಡಿನ ಮೇಲೆ ಪ್ರವಾಹವನ್ನೂ ಒಂದು ಕಡಲ ಮೃಗವನ್ನೂ ಬಿಟ್ಟ. ಅಮ್ಮೋನ್ ದೇವರ ಗುಡಿಯಲ್ಲಿ ಕೇಳಿದಾಗ ಬಂದ ಉತ್ತರ, ಮಗಳನ್ನು ಆ ಮೃಗಕ್ಕೆ ಒಪ್ಪಿಸಿದರೆ ಮಾತ್ರ ನಾಡು ಉಳಿಯುತ್ತದೆ ಎಂದು. ಅರಸ ಒಪ್ಪಿದ. ಹುಡುಗಿಯನ್ನು ಕಡಲ ದಡದ ಬಂಡೆಗೆ ಕಟ್ಟಿದರು. ನೋಡಿದವರನ್ನು ಕಲ್ಲಾಗಿಸುವ ರಾಕ್ಷಸಿ ಮೆಡೂಸಾಳ ತಲೆ ಕತ್ತರಿಸಿಕೊಂಡು ಅದೇ ದಾರಿಯಲ್ಲಿ ಮರಳುತ್ತಿದ್ದ ವೀರ ಪರ್ಸಿಯಸ್ ಅವಳನ್ನು ಕಂಡು, ಮದುವೆ ಮಾಡಿಕೊಡುವ ಮಾತು ಪಡೆದು, ಮೃಗವನ್ನು ಕೊಂದ. ಆಂಡ್ರೊಮಿಡಾಳನ್ನು ಮದುವೆಯಾಗಬೇಕಿದ್ದ ಅವಳ ಚಿಕ್ಕಪ್ಪ ಫಿನಿಯಸ್ ಮದುವೆಮನೆಯಲ್ಲೇ ಜಗಳ ತೆಗೆದ. ಪರ್ಸಿಯಸ್ ಮೆಡೂಸಾಳ ತಲೆ ತೋರಿಸಿ ಅವನನ್ನೂ ಅವನ ಕಡೆಯವರನ್ನೂ ಕಲ್ಲಾಗಿಸಿದ.

ಈ ಕಥೆಯನ್ನು ಅಥೆನ್ಸಿನ ಜನ ರಂಗದ ಮೇಲೂ ನೋಡಿದರು. ಕ್ರಿ.ಪೂ. 412ರಲ್ಲಿ ಯೂರಿಪಿಡೀಸ್ ಬರೆದ ‘ಆಂಡ್ರೊಮಿಡಾ’ ನಾಟಕ ಬಂಡೆಗೆ ಕಟ್ಟಿದ ಹುಡುಗಿಯಿಂದಲೇ ಶುರುವಾಗುತ್ತಿತ್ತು. ನಾಟಕ ಪೂರ್ತಿಯಾಗಿ ನಮಗೆ ಉಳಿದಿಲ್ಲ. ಆದರೆ ಮರುವರ್ಷವೇ ಅರಿಸ್ಟೊಫನೀಸ್ ತನ್ನ ಪ್ರಹಸನದಲ್ಲಿ ಅದನ್ನು ಅಣಕಿಸಿದ್ದರಿಂದ ಅದರ ಚೂರುಗಳು ಸಿಗುತ್ತವೆ. ಕಥೆ ಎಷ್ಟು ಜನಪ್ರಿಯವಾಗಿತ್ತೆಂದರೆ, ಈಗಿನ ಇಸ್ರೇಲಿನ ಜಾಫಾ ಬಂದರಿನ ಬಂಡೆಗಳ ಮೇಲೆ ಆಂಡ್ರೊಮಿಡಾಳ ಸರಪಳಿಯ ಗುರುತು ತೋರಿಸುತ್ತಾರೆ ಎಂದು ಮೊದಲ ಶತಮಾನದ ಇತಿಹಾಸಕಾರ ಜೊಸೀಫಸ್ ಬರೆದಿದ್ದಾನೆ. ಅದೇ ಊರಿನಿಂದ ಆ ಕಡಲ ಮೃಗದ್ದೆನ್ನುವ ಎಲುಬುಗಳನ್ನು ತಂದು ಸ್ಕಾರಸ್ ಎಂಬ ಅಧಿಕಾರಿ ಕ್ರಿ.ಪೂ. 58ರ ಸುಮಾರಿಗೆ ರೋಮ್‌ನಲ್ಲಿ ಪ್ರದರ್ಶಿಸಿದನೆಂದು ರೋಮನ್ ಲೇಖಕ ಪ್ಲಿನಿ ಹೇಳುತ್ತಾನೆ. ನಲವತ್ತು ಅಡಿ ಉದ್ದ. ಪಕ್ಕೆಲುಬಿನ ಎತ್ತರ ಭಾರತದ ಆನೆಗಿಂತಲೂ ಹೆಚ್ಚು. ಅದು ತಿಮಿಂಗಿಲದ ಅಸ್ಥಿಪಂಜರ ಆಗಿದ್ದಿರಬಹುದು ಎಂದು ನನ್ನ ಊಹೆ. ರೋಮಿನ ಜನ ಸಾಲುಗಟ್ಟಿ ನಿಂತು ನೋಡಿದ್ದು ಮಾತ್ರ ಕಥೆಯನ್ನೇ.

ಇಲ್ಲೊಂದು ವಿಷಯವನ್ನು ಒತ್ತಿ ಹೇಳಬೇಕು. ಯುರೋಪಿನ ಚಿತ್ರಶಾಲೆಗಳಲ್ಲಿ ಆಂಡ್ರೊಮಿಡಾ ಹಾಲಿನಂಥ ಬಿಳಿ ಮೈಯವಳು. ಆದರೆ ರೋಮನ್ ಕವಿ ಓವಿಡ್ ತನ್ನ ಕೃತಿಗಳಲ್ಲಿ ಅವಳನ್ನು ಕಪ್ಪು ಬಣ್ಣದವಳೆಂದು ಸ್ಪಷ್ಟವಾಗಿ ಹೇಳುತ್ತಾನೆ, ಆ ಬಣ್ಣಕ್ಕೇ ಪರ್ಸಿಯಸ್ ಮನಸೋತನೆಂದೂ ಸೂಚಿಸುತ್ತಾನೆ. ಕಡಲ ಕನ್ನಿಕೆಯರಿಗಿಂತ ಚೆಲುವೆ ಎಂದು ತಲೆಯೆತ್ತಿ ಹೇಳಿದ ಮಾತು ಒಬ್ಬ ಕಪ್ಪು ರಾಣಿಯದು. ಗೋಧಿ ಬಣ್ಣ, ಎಣ್ಣೆಗೆಂಪು ಎಂದು ಸೊಸೆಯನ್ನು ಅಳೆಯುವುದನ್ನು ಇನ್ನೂ ಬಿಡದ ನಮ್ಮಂಥ ಸಮಾಜಕ್ಕೆ ಈ ಸಂಗತಿ ತಿಳಿದಿರಬೇಕು. ಕನ್ನಡದ ಖಗೋಳ ಬರಹಗಳಲ್ಲಿ ಕ್ಯಾಸಿಯೊಪಿಯಾಳನ್ನು ಕುಂತಿ, ಸೀಫಿಯಸ್‌ನನ್ನು ಯುಧಿಷ್ಠಿರ, ಪರ್ಸಿಯಸ್‌ನನ್ನು ಪಾರ್ಥ, ಆಂಡ್ರೊಮಿಡಾಳನ್ನು ದ್ರೌಪದಿ ಎನ್ನುವ ರೂಢಿಯಿದೆ. ಗ್ರೀಕ್ ಕಥೆಗೂ ಮಹಾಭಾರತಕ್ಕೂ ಇಲ್ಲಿ ಯಾವ ನಂಟೂ ಇಲ್ಲ. ಹೊಸಗಾಲದಲ್ಲಿ ಕನ್ನಡದ ಮಕ್ಕಳಿಗೆ ನೆನಪಿರಲಿ ಎಂದು ಕೊಟ್ಟ ಹೆಸರುಗಳವು. ಆದರೂ ಕಪ್ಪು ಚೆಲುವೆ ಆಂಡ್ರೊಮಿಡಾಳ ಜಾಗಕ್ಕೆ ಕೃಷ್ಣೆಯೆಂದು ಹೆಸರಾದ ದ್ರೌಪದಿ ಬಂದು ಕೂತದ್ದು ನನಗೆ ಬಹಳ ಇಷ್ಟವಾದ ಒಂದು ಕಾಕತಾಳೀಯ.

ಕಥೆ ಮುಗಿದ ಮೇಲೆ ಇವರೆಲ್ಲ ಆಕಾಶಕ್ಕೆ ಏರುತ್ತಾರೆ. ಮಗಳಿಗೂ ಅಳಿಯನಿಗೂ ಅದು ಗೌರವ. ತಾಯಿಗೆ ಮಾತ್ರ ಶಿಕ್ಷೆ. ಆ ಶಿಕ್ಷೆ ಏನೆಂಬುದನ್ನು ವಿವರವಾಗಿ ಹೇಳಿದವನು ಅರೇಟಸ್ ಎಂಬ ಕವಿ. ಕ್ರಿ.ಪೂ. 3ನೇ ಶತಮಾನದಲ್ಲಿ ಮ್ಯಾಸಿಡೋನಿಯದ ಅರಸ ಆಂಟಿಗೊನಸ್‌ನ ಆಸ್ಥಾನದಲ್ಲಿದ್ದವನು. ಅವನಿಗಿಂತ ನೂರು ವರ್ಷ ಹಿಂದಿನ ಖಗೋಳಜ್ಞ ಯುಡಾಕ್ಸಸ್ ಗದ್ಯದಲ್ಲಿ ಬರೆದಿದ್ದ ಆಕಾಶ ವರ್ಣನೆಯನ್ನು ಅರೇಟಸ್ ಪದ್ಯ ಮಾಡಿದ. ಕಾವ್ಯದ ಹೆಸರು ‘ಫಿನಾಮೆನಾ’. ಮುಂದೆ ಸಿಸೆರೊ ತನ್ನ ಎಳೆವಯಸ್ಸಿನಲ್ಲಿ ಅದನ್ನು ಲ್ಯಾಟಿನ್‌ಗೆ ತಂದ. ರಾತ್ರಿ ಯಾವ ರಾಶಿ ಮೂಡುವಾಗ ಯಾವ ಪುಂಜ ಮುಳುಗುತ್ತದೆ ಎಂದು ಹೇಳುತ್ತಾ ಬರುವ ಭಾಗದಲ್ಲಿ ಅರೇಟಸ್ ರಾಣಿಯ ಮಾತೆತ್ತುತ್ತಾನೆ. ಮಗಳ ಹಿಂದೆಯೇ ಅವಳೂ ಇಳಿಯುತ್ತಾಳೆ, ಆದರೆ ಗಾಂಭೀರ್ಯದಿಂದ ಅಲ್ಲ: ನೀರಿಗೆ ಧುಮುಕುವವರಂತೆ ತಲೆ ಮೊದಲಾಗಿ. ಕಾಲು, ಮೊಣಕಾಲು ಮೇಲೇ ಉಳಿಯುತ್ತವೆ. ನೆರಿಯಸ್‌ನ ಹೆಂಡತಿ ಡೋರಿಸ್, ಮಗಳು ಪ್ಯಾನೊಪಿ, ಇವರ ಜೊತೆ ಸ್ಪರ್ಧೆಗೆ ಇಳಿದದ್ದಕ್ಕೆ ತೆತ್ತ ದಂಡ ಅದು ಎಂದು ಆತ ಸೇರಿಸುತ್ತಾನೆ.

ಇದನ್ನು ಮೊದಲ ಸಲ ಓದಿದಾಗ ಕವಿಯ ಕಲ್ಪನೆ ಎಂದುಕೊಂಡು ಮುಂದೆ ಹೋಗಬಹುದು. ಲೆಕ್ಕ ಹಾಕಿ ನೋಡಿದರೆ ಅದು ಕಣ್ಣಾರೆ ಕಂಡದ್ದರ ವರದಿ. ಒಂದು ನಕ್ಷತ್ರ ಧ್ರುವಕ್ಕೆ ಎಷ್ಟು ಹತ್ತಿರವಿದೆ, ನೋಡುವವರು ಭೂಮಧ್ಯರೇಖೆಯಿಂದ ಎಷ್ಟು ಉತ್ತರಕ್ಕಿದ್ದಾರೆ, ಇವೆರಡರಿಂದ ಅದು ಮುಳುಗುತ್ತದೋ ಇಲ್ಲವೋ ತೀರ್ಮಾನವಾಗುತ್ತದೆ. ಅರೇಟಸ್‌ನ ಕಾಲದಲ್ಲಿ, ಮ್ಯಾಸಿಡೋನಿಯದ ಸುಮಾರು 41 ಡಿಗ್ರಿ ಅಕ್ಷಾಂಶದಲ್ಲಿ, ರಾಣಿಯ ಕಾಲಿನ ನಕ್ಷತ್ರ ಉತ್ತರ ದಿಗಂತವನ್ನು ಸವರಿಕೊಂಡು ಮುಳುಗದೆ ಮತ್ತೆ ಮೇಲೇರುತ್ತಿತ್ತು. ತಲೆ ಮತ್ತು ಎದೆಯ ನಕ್ಷತ್ರಗಳು ಧ್ರುವದಿಂದ ಹೆಚ್ಚು ದೂರ, ಅವು ದಿಗಂತದ ಕೆಳಗೆ ಹೋಗುತ್ತಿದ್ದವು. ಉತ್ತರಕ್ಕೆ ಕಡಲಿರುವ ದ್ವೀಪದ ದಡದಲ್ಲಿ ನಿಂತ ಗ್ರೀಕ್ ಬೆಸ್ತನಿಗೆ ಇದು ಹೇಗೆ ಕಂಡಿರಬೇಕು ಯೋಚಿಸಿ. ಕಡಲ ಕನ್ನಿಕೆಯರನ್ನು ಹೀಯಾಳಿಸಿದವಳು ಪ್ರತಿ ರಾತ್ರಿ ಅದೇ ಕಡಲಿಗೆ ತಲೆ ಅದ್ದಬೇಕು, ಕಾಲು ಮೇಲೆ ಮಾಡಿ ತೂಗಬೇಕು. ಮೊದಲು ಆಕಾಶದಲ್ಲಿ ಆ ನೋಟ ಕಂಡಿತು, ಆಮೇಲೆ ಅದಕ್ಕೆ ಕಾರಣ ಹುಡುಕುವ ಕಥೆ ಬೆಳೆಯಿತು ಎಂದೇ ನನಗೆ ತೋರುತ್ತದೆ.

ಈಗ ಅದೇ ಗ್ರೀಸ್‌ಗೆ ಹೋಗಿ ನಿಂತರೆ ಅರೇಟಸ್ ಹೇಳಿದ್ದು ಕಾಣುವುದಿಲ್ಲ. ಇಂದಿನ ಅಥೆನ್ಸ್‌ನಲ್ಲಿ ಕ್ಯಾಸಿಯೊಪಿಯಾದ ಆ ಐದೂ ನಕ್ಷತ್ರಗಳು ಮುಳುಗುವುದೇ ಇಲ್ಲ, ಧ್ರುವದ ಸುತ್ತ ಸದಾ ಸುತ್ತುತ್ತಿರುತ್ತವೆ. ‘ಎಂದೂ ವಿಶ್ರಾಂತಿಯಿಲ್ಲದೆ ಧ್ರುವವನ್ನು ಸುತ್ತುವ ಶಿಕ್ಷೆ’ ಎಂದು ಈಗಿನ ಜನಪ್ರಿಯ ಪುಸ್ತಕಗಳು ಹೇಳುವುದು ಈ ಕಾಲದ ಆಕಾಶಕ್ಕೆ ಹೊಂದುವ ಮಾತು. ನಡುವೆ ಆದದ್ದೇನೆಂದರೆ, ಭೂಮಿಯ ಅಕ್ಷ ತಿರುಗುವ ಬುಗುರಿಯ ಮೊಳೆಯಂತೆ ನಿಧಾನವಾಗಿ ವಾಲಾಡುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ಎರಡು ಸಾವಿರದ ಮುನ್ನೂರು ವರ್ಷಗಳಲ್ಲಿ ಧ್ರುವಬಿಂದು ಸರಿದು ರಾಣಿಗೆ ಹನ್ನೆರಡು ಡಿಗ್ರಿಯಷ್ಟು ಹತ್ತಿರವಾಗಿದೆ. ನಮ್ಮ ಪಂಚಾಂಗದವರು ಅಯನಾಂಶ ಎಂದು ಲೆಕ್ಕ ಇಡುವುದು ಇದೇ ಚಲನೆಯನ್ನು. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ, ನಾವು ಎಳ್ಳು ಬೀರುವ ಸಂಕ್ರಾಂತಿ ಬರುವುದು ಜನವರಿ ನಡುವಿಗೆ. ಈ ಅಂತರ ಹುಟ್ಟಿದ್ದೂ ಇದರಿಂದಲೇ. ಈ ಚಲನೆಯನ್ನು ಕ್ರಿ.ಪೂ. 2ನೇ ಶತಮಾನದಲ್ಲಿ ಗುರುತಿಸಿದವನು ಹಿಪಾರ್ಕಸ್. ಅವನು ಬರೆದದ್ದರಲ್ಲಿ ಇಡಿಯಾಗಿ ಉಳಿದಿರುವುದು ಒಂದೇ ಪುಸ್ತಕ, ಅದು ಅರೇಟಸ್ ಮತ್ತು ಯುಡಾಕ್ಸಸ್ ನಕ್ಷತ್ರಗಳ ಬಗ್ಗೆ ಹೇಳಿದ್ದನ್ನು ಒಂದೊಂದಾಗಿ ಪರೀಕ್ಷಿಸುವ ವ್ಯಾಖ್ಯಾನ. ಪುರಾಣದ ಕಾವ್ಯವನ್ನು ಆತ ಅಳತೆಗೋಲು ಹಿಡಿದು ಓದಿದ. ಕಾವ್ಯಕ್ಕೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಇನ್ನು ನಮ್ಮ ಆಕಾಶ. ಕರ್ನಾಟಕದಲ್ಲಿ ಧ್ರುವ ನಕ್ಷತ್ರ ಬಹಳ ತಗ್ಗಿನಲ್ಲಿದೆ. ಬೆಂಗಳೂರಿನಲ್ಲಿ ದಿಗಂತದಿಂದ ಸುಮಾರು 13 ಡಿಗ್ರಿ, ಬೀದರಿನಲ್ಲಿ 18. ಕ್ಯಾಸಿಯೊಪಿಯಾ ಧ್ರುವದಿಂದ ಸುಮಾರು ಮೂವತ್ತು ಡಿಗ್ರಿ ಆಚೆಗಿದೆ. ಹಾಗಾಗಿ ಅವಳು ಈಶಾನ್ಯದಲ್ಲಿ ಮೂಡಿ, ಹದಿನೈದು ಗಂಟೆ ಆಕಾಶದಲ್ಲಿದ್ದು, ವಾಯವ್ಯದಲ್ಲಿ ಪೂರ್ತಿಯಾಗಿ ಮುಳುಗುತ್ತಾಳೆ. ಎತ್ತರಕ್ಕೆ ಬಂದಾಗ ಅವಳ ತಲೆ ಮೇಲೆ, ಕಾಲು ಕೆಳಗೆ, ಬೆನ್ನು ನೆಟ್ಟಗೆ. ಮಾರ್ಚ್ ಮೊದಲ ಭಾಗದಲ್ಲಿ ರಾತ್ರಿ ಒಂಬತ್ತರ ಮೇಲೆ ಅವಳು ಇಳಿಯುವುದನ್ನು ನೋಡಬಹುದು: ಕುರ್ಚಿಯ ಒರಗು, ತಲೆ, ಎದೆ ಮೊದಲು ಹೋಗುತ್ತವೆ, ಕಾಲು ಕೊನೆಗೆ. ಅಲ್ಲಿಗೆ ಅರೇಟಸ್‌ನ ವರ್ಣನೆಯ ಅರ್ಧ ನಮಗೂ ದಕ್ಕುತ್ತದೆ. ಆದರೆ ಅವಳು ಧ್ರುವದ ಕೆಳಗೆ ತಲೆಕೆಳಗಾಗಿ ತೂಗುವ ಆ ಹೊತ್ತು, ಕಥೆಯ ಜೀವಾಳವಾದ ಆ ಶಿಕ್ಷೆ, ನಮ್ಮ ನೆಲದ ಮರೆಯಲ್ಲಿ ನಡೆದುಹೋಗುತ್ತದೆ. ನಮ್ಮಲ್ಲಿ ಅವಳು ಅವಮಾನಿತಳಾಗುವುದೇ ಇಲ್ಲ. ಗ್ರೀಕ್ ಕಥೆಯನ್ನು ಕನ್ನಡದ ಮಕ್ಕಳಿಗೆ ಹೇಳುವಾಗ ಈ ಸಂಗತಿಯನ್ನು ಹೇಳದಿದ್ದರೆ ಕಥೆ ಅವರಿಗೆ ಬರಿಯ ಮಾತಾಗಿ ಉಳಿಯುತ್ತದೆ. ಯಾಕೆಂದರೆ ತಲೆಯೆತ್ತಿದರೆ ಅವರಿಗೆ ಕಾಣುವುದು ಘನತೆಯಿಂದ ಕೂತ ರಾಣಿ.

ನ್ಯೂಜೆರ್ಸಿಯಲ್ಲಿರುವ ನೆಂಟರ ಮನೆಗೆ ಮೇ ತಿಂಗಳಲ್ಲಿ ಹೋಗಿದ್ದಾಗ ನನಗೆ ಇದು ಕಣ್ಣಿಗೆ ಕಟ್ಟಿತು. ಅಲ್ಲಿನ ಅಕ್ಷಾಂಶ 40 ಡಿಗ್ರಿ, ಅರೇಟಸ್ ಇದ್ದ ಮ್ಯಾಸಿಡೋನಿಯಕ್ಕೆ ಸಮಸಮ. ರಾತ್ರಿ ಊಟ ಮುಗಿಸಿ ಹಿತ್ತಿಲಿಗೆ ಬಂದು ಉತ್ತರಕ್ಕೆ ನೋಡಿದರೆ ಸಪ್ತರ್ಷಿಮಂಡಲ ನೆತ್ತಿಯ ಹತ್ತಿರ. ಅದರ ಎದುರು ಕೆಳಗೆ, ಮರಗಳ ತಲೆಯ ಸಂದಿಯಲ್ಲಿ, ಎಂದೂ ‘ಎಂ’ ಆಗಿ ಕಂಡ ನಕ್ಷತ್ರಗಳು ‘ಡಬ್ಲ್ಯು’ ಆಗಿ ನಿಂತಿದ್ದವು. ಊರಿನಲ್ಲಿ ಮೇ ತಿಂಗಳ ಸಂಜೆ ಅವಳನ್ನು ಹುಡುಕುವ ಮಾತೇ ಇಲ್ಲ. ಸಪ್ತರ್ಷಿ ಮೇಲಿದ್ದಾಗ ಅವಳಿಲ್ಲ, ಅವಳು ಮೇಲಿದ್ದಾಗ ಸಪ್ತರ್ಷಿಯಿಲ್ಲ ಎಂಬುದು ನಮ್ಮ ಕಡೆಯ ಲೆಕ್ಕ. ಇವರಿಬ್ಬರೂ ಧ್ರುವದ ಆಚೀಚೆ ಎದುರುಬದುರು ಇರುವುದರಿಂದ, ಸಪ್ತರ್ಷಿ ಮುಳುಗಿರುವ ತಿಂಗಳುಗಳಲ್ಲಿ ಧ್ರುವವನ್ನು ಹುಡುಕಲು ನಮಗೆ ನೆರವಾಗುವವಳು ಇವಳೇ. ಮನೆಯ ಮಕ್ಕಳು ಅಲ್ಲೇ ಹುಟ್ಟಿ ಬೆಳೆದವರು, ಅವರಿಗೆ ‘ಡಬ್ಲ್ಯು’ ಮಾತ್ರ ಗೊತ್ತಿತ್ತು. ಅಜ್ಜಿಯ ಊರಿನಲ್ಲಿ ಇದು ಯಾವತ್ತೂ ಹೀಗೆ ಮಗುಚಿಕೊಳ್ಳುವುದಿಲ್ಲ ಎಂದಾಗ ಅವರಿಗಾದ ಅಚ್ಚರಿಯನ್ನು ನೋಡಿ, ಭೂಮಿ ದುಂಡಗಿದೆ ಎನ್ನುವುದಕ್ಕೆ ಇಷ್ಟು ಚೆಲುವಾದ ಪಾಠ ಬೇರೆ ಇಲ್ಲ ಎನ್ನಿಸಿತು.

ಬೇರೆ ಜನರಿಗೆ ಇಲ್ಲಿ ರಾಣಿಯೇ ಕಂಡಿಲ್ಲ. ಅರಬರು ಇಲ್ಲಿ ಮದರಂಗಿ ಹಚ್ಚಿದ ಕೈಯನ್ನು ಕಂಡರು. ಕಾಫ್ ಎಂಬ ಹೆಸರು ಬಂದದ್ದು ಆ ಅಂಗೈಯಿಂದ. ಚೀನೀಯರಿಗೆ ಅಲ್ಲಿ ವಾಂಗ್ ಲಿಯಾಂಗ್ ಎಂಬ ಸಾರಥಿ ಕಂಡ, ನಡುವಿನ ನಕ್ಷತ್ರ ಅವನ ಚಾವಟಿ. ನಮ್ಮ ಪೂರ್ವಿಕರ 27 ನಕ್ಷತ್ರಗಳು ಚಂದ್ರನ ದಾರಿಯನ್ನು ಗುರುತಿಸಲು ಇಟ್ಟವು. ಆ ದಾರಿಯಿಂದ ಬಹಳ ಉತ್ತರಕ್ಕಿರುವ ಈ ಐದಕ್ಕೆ ಆ ಪಟ್ಟಿಯಲ್ಲಿ ಕೆಲಸವಿರಲಿಲ್ಲ.

ಗ್ರೀಕರು ಕಥೆಯ ಜೊತೆಗೆ ಇನ್ನೊಂದು ನಂಬಿಕೆಯನ್ನೂ ಬಿಟ್ಟುಹೋದರು. ಚಂದ್ರನಿಂದ ಆಚೆಗಿನ ಲೋಕ ಬದಲಾಗುವುದಿಲ್ಲ. ಹುಟ್ಟು, ಸಾವು, ಕೊಳೆ ಎಲ್ಲ ಚಂದ್ರನ ಈಚೆಗೆ ಎಂದು ಅರಿಸ್ಟಾಟಲ್ ಹೇಳಿದ್ದ. ಯುರೋಪು ಸುಮಾರು ಎರಡು ಸಾವಿರ ವರ್ಷ ಅದನ್ನು ನಂಬಿತು. ಆ ನಂಬಿಕೆ ಬಿರುಕು ಬಿಟ್ಟದ್ದು ಇದೇ ರಾಣಿಯ ಕುರ್ಚಿಯ ಪಕ್ಕದಲ್ಲಿ. 1572ರ ನವೆಂಬರ್ 11ರ ಸಂಜೆ, ಡೆನ್ಮಾರ್ಕಿನ ಇಪ್ಪತ್ತೈದರ ತರುಣ ಟೈಕೊ ಬ್ರಾಹೆ ಹೆರೆವಾಡ್ ಮಠದಲ್ಲಿದ್ದ ರಸವಿದ್ಯೆಯ ಪ್ರಯೋಗಶಾಲೆಯಿಂದ ಮರಳುತ್ತಿದ್ದ. ತಲೆಯೆತ್ತಿದರೆ ಕ್ಯಾಸಿಯೊಪಿಯಾದಲ್ಲಿ ಹಿಂದೆಂದೂ ಇಲ್ಲದ ಒಂದು ನಕ್ಷತ್ರ ಎಲ್ಲಕ್ಕಿಂತ ಪ್ರಖರವಾಗಿ ಉರಿಯುತ್ತಿದೆ. ಎಳೆಯಂದಿನಿಂದ ಒಂದೊಂದು ನಕ್ಷತ್ರವನ್ನೂ ಬಲ್ಲವನಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಜೊತೆಗಿದ್ದ ಆಳುಗಳನ್ನು ಕೇಳಿದ, ಗಾಡಿಯಲ್ಲಿ ಹೋಗುತ್ತಿದ್ದ ರೈತರನ್ನು ನಿಲ್ಲಿಸಿ ಕೇಳಿದ. ಹೌದು, ನಮಗೂ ಕಾಣುತ್ತಿದೆ ಎಂದರು. ಅದು ಶುಕ್ರನಷ್ಟು ಹೊಳೆಯಿತು, ಕೆಲವು ದಿನ ಹಗಲಲ್ಲೂ ಕಂಡಿತು, ಆಮೇಲೆ ಬಣ್ಣ ಬದಲಿಸುತ್ತಾ ಕುಗ್ಗಿ 1574ರ ಮಾರ್ಚ್‌ನಲ್ಲಿ ಕಣ್ಮರೆಯಾಯಿತು.

ಟೈಕೊನ ಹಿರಿಮೆ ಅದನ್ನು ಕಂಡದ್ದರಲ್ಲಿಲ್ಲ. ಅವನಿಗಿಂತ ಮೊದಲು ಕಂಡವರಿದ್ದರು, ಚೀನಾದ ಆಸ್ಥಾನ ಖಗೋಳಜ್ಞರು ಅದನ್ನು ‘ಅತಿಥಿ ನಕ್ಷತ್ರ’ವೆಂದು ಬರೆದುಕೊಂಡಿದ್ದರು. ಟೈಕೊ ಅಳೆದ. ಅದು ಚಂದ್ರನಿಗಿಂತ ಹತ್ತಿರದ್ದಾಗಿದ್ದರೆ, ಸಂಜೆಗೂ ಬೆಳಗಿನ ಜಾವಕ್ಕೂ ನಡುವೆ ಭೂಮಿಯ ಬೇರೆ ಕೋನದಿಂದ ನೋಡಿದಾಗ ಅಕ್ಕಪಕ್ಕದ ನಕ್ಷತ್ರಗಳ ಎದುರು ಅದು ತುಸುವಾದರೂ ಸರಿದಂತೆ ಕಾಣಬೇಕು. ಒಂದಿಷ್ಟೂ ಸರಿಯಲಿಲ್ಲ. ಅಲ್ಲಿಗೆ ಅದು ಚಂದ್ರನಿಗಿಂತ ಆಚೆ, ನಕ್ಷತ್ರಗಳ ಲೋಕದಲ್ಲೇ ಇದೆ. ಆ ಲೋಕವೂ ಬದಲಾಗುತ್ತದೆ. ಮರುವರ್ಷ ಅವನು ಇದನ್ನು ಪುಸ್ತಕ ಮಾಡಿದ. ತಾಳಿಕೋಟೆಯ ಯುದ್ಧ ನಡೆದು ಆಗ ಏಳು ವರ್ಷ. ಆ ನವೆಂಬರಿನ ಸಂಜೆಗಳಲ್ಲಿ ನಮ್ಮ ನಾಡಿನ ಮೇಲೂ ಆ ನಕ್ಷತ್ರ ಉತ್ತರದಲ್ಲಿ ಎತ್ತರದಲ್ಲೇ ಇತ್ತು. ರಾತ್ರಿ ಹೊಲ ಕಾಯುತ್ತಿದ್ದ ಎಷ್ಟು ಜನ ಅದನ್ನು ನೋಡಿ ಬೆರಗಾಗಿರಬೇಕು ಎಂದು ನಾನು ಆಗಾಗ ಯೋಚಿಸುತ್ತೇನೆ.

ಅದು ಸೂಪರ್‌ನೋವಾ, ಅಂದರೆ ನಕ್ಷತ್ರವೊಂದು ಸಿಡಿದು ಛಿದ್ರವಾದ ಬೆಳಕು. ಇದಕ್ಕೊಂದು ಅಪೂರ್ವವಾದ ಉತ್ತರಕಥೆಯಿದೆ. ಸ್ಫೋಟದ ಬೆಳಕಿನ ಒಂದು ಪಾಲು ನೇರವಾಗಿ ನಮ್ಮ ಕಡೆ ಬರದೆ, ದೂರದ ಧೂಳಿನ ಮೋಡಗಳಿಗೆ ಬಡಿದು, ಬಳಸು ದಾರಿಯಲ್ಲಿ ಬಂತು. 2008ರಲ್ಲಿ ಹವಾಯಿಯ ಸುಬಾರು ದೂರದರ್ಶಕದ ಮೂಲಕ ಖಗೋಳ ವಿಜ್ಞಾನಿಗಳು ಆ ಮಸುಕು ಪ್ರತಿಫಲನವನ್ನು ಹಿಡಿದು, ರೋಹಿತ ಬಿಡಿಸಿ, ಅದು ‘ಒಂದು-ಎ’ ಬಗೆಯ ಸೂಪರ್‌ನೋವಾ ಎಂದು ಖಚಿತಪಡಿಸಿದರು. ಟೈಕೊ ನೋಡಿದ ಅದೇ ಸ್ಫೋಟದ ಬೆಳಕು, 436 ವರ್ಷ ತಡವಾಗಿ. ಇದೇ ಪುಂಜದಲ್ಲಿ 1181ರಲ್ಲಿ ಚೀನಾ, ಜಪಾನಿನವರು ಇನ್ನೊಂದು ಅತಿಥಿ ನಕ್ಷತ್ರವನ್ನು ದಾಖಲಿಸಿದ್ದಾರೆ. 1680ರ ಸುಮಾರಿಗೆ ಬೆಳಕು ತಲುಪಿರಬೇಕಾದ ಮತ್ತೊಂದು ಸ್ಫೋಟದ ಅವಶೇಷ ಇಲ್ಲೇ ಇದೆ; ಸೌರವ್ಯೂಹದ ಆಚೆಯಿಂದ ನಮಗೆ ಬರುವ ರೇಡಿಯೊ ಮೂಲಗಳಲ್ಲಿ ಅತಿ ಪ್ರಬಲವಾದದ್ದು ಅದು.

ರಾಣಿಯ ಮನೆಯವರೂ ಹಿಂದೆ ಬಿದ್ದಿಲ್ಲ. ಪರ್ಸಿಯಸ್‌ನ ಕೈಯಲ್ಲಿರುವ ಮೆಡೂಸಾಳ ತಲೆಯ ನಕ್ಷತ್ರ ಆಲ್ಗಾಲ್ ಸುಮಾರು ಎರಡು ದಿನ ಇಪ್ಪತ್ತೊಂದು ಗಂಟೆಗೊಮ್ಮೆ ಕಳೆಗುಂದುತ್ತದೆ. ಅದರ ಕ್ರಮವನ್ನು 1783ರಲ್ಲಿ ಲೆಕ್ಕ ಹಾಕಿದವನು ಇಂಗ್ಲೆಂಡಿನ ಯಾರ್ಕ್ ಊರಿನ ಹದಿನೆಂಟರ ಹುಡುಗ ಜಾನ್ ಗುಡ್ರಿಕ್. ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಮರುವರ್ಷ ಸೀಫಿಯಸ್ ಪುಂಜದಲ್ಲಿ ಹಿಗ್ಗಿ ಕುಗ್ಗುವ ಬೆಳಕಿನ ಇನ್ನೊಂದು ನಕ್ಷತ್ರವನ್ನು ಗುರುತಿಸಿದ. 1786ರಲ್ಲಿ ಇಪ್ಪತ್ತೊಂದನೆಯ ವಯಸ್ಸಿಗೆ ತೀರಿಕೊಂಡ. ಆ ಸೀಫಿಯಸ್ ಬಗೆಯ ನಕ್ಷತ್ರಗಳ ಮಿಡಿತಕ್ಕೂ ನಿಜವಾದ ಪ್ರಖರತೆಗೂ ಇರುವ ಸಂಬಂಧವನ್ನು 1912ರಲ್ಲಿ ಹಾರ್ವರ್ಡ್‌ನ ಹೆನ್ರಿಯೆಟಾ ಲೆವಿಟ್ ಸ್ಪಷ್ಟಪಡಿಸಿದರು, ಅವರಿಗೂ ಕಿವುಡು. 1923ರಲ್ಲಿ ಎಡ್ವಿನ್ ಹಬಲ್ ಅಂಥದೇ ನಕ್ಷತ್ರವೊಂದನ್ನು ಆಂಡ್ರೊಮಿಡಾ ನೀಹಾರಿಕೆಯಲ್ಲಿ ಕಂಡುಹಿಡಿದು, ಅದು ನಮ್ಮ ಆಕಾಶಗಂಗೆಗೆ ಹೊರತಾದ ಇನ್ನೊಂದು ಗ್ಯಾಲಕ್ಸಿ ಎಂದು ತೋರಿಸಿದ. ತಂದೆಯ ಪುಂಜದ ನಕ್ಷತ್ರ ಮಗಳ ಪುಂಜದ ದೂರ ಅಳೆಯುವ ಗಜಕೋಲಾಯಿತು. ಆ ಗ್ಯಾಲಕ್ಸಿಯನ್ನು ನೀವೂ ನೋಡಬಹುದು. ‘ಎಂ’ನ ಎಡ ಶಿಖರ ಮೇಲಕ್ಕೆ ತೋರುವ ದಿಕ್ಕಿನಲ್ಲಿ, ಕೈಚಾಚಿ ಹಿಡಿದ ಒಂದು ಗೇಣಿಗಿಂತ ತುಸು ಕಡಿಮೆ ದೂರದಲ್ಲಿ, ಊರಿನ ದೀಪಗಳಿಂದ ದೂರವಿದ್ದರೆ, ಹೊಗೆಯ ಎಳೆಯಂಥ ಒಂದು ಮಸುಕು. ಅಲ್ಲಿಂದ ಹೊರಟ ಬೆಳಕು 25 ಲಕ್ಷ ವರ್ಷ ಪ್ರಯಾಣ ಮಾಡಿ ಬಂದಿರುತ್ತದೆ.

ಕೊನೆಗೆ, ಆ ಐದು ನಕ್ಷತ್ರಗಳು ನಿಜವಾಗಿ ಒಟ್ಟಿಗೆ ಇವೆಯೇ ಎಂದು ಕೇಳಿದವರಿಗೆ. ಇಲ್ಲ. ಕಾಫ್ ನಮಗೆ ಸುಮಾರು 55 ಜ್ಯೋತಿರ್ವರ್ಷ ದೂರ, ರುಕ್ಬಾ ನೂರರ ಹತ್ತಿರ, ಶೆದರ್ ಇನ್ನೂರಿಪ್ಪತ್ತರ ಮೇಲೆ, ಸೆಗಿನ್ ನಾನೂರು ದಾಟಿ. ನಡುವಿನದು ಎಲ್ಲಕ್ಕಿಂತ ದೂರ, ಸುಮಾರು 550. ಈ ನಡುವಿನ ನಕ್ಷತ್ರಕ್ಕೆ ‘ನವಿ’ ಎಂಬ ಅಡ್ಡಹೆಸರಿದೆ. 1967ರ ಅಪೊಲೊ ಬೆಂಕಿ ಅವಘಡದಲ್ಲಿ ತೀರಿಕೊಂಡ ಗಗನಯಾತ್ರಿ ಗಸ್ ಗ್ರಿಸಮ್ ತನ್ನ ನಡುಹೆಸರು ‘ಇವಾನ್’ ಅನ್ನು ತಿರುಗಾಮುರುಗಾ ಮಾಡಿ ಅದನ್ನು ಯಾನದ ನಕ್ಷತ್ರ ಪಟ್ಟಿಗೆ ಸೇರಿಸಿದ್ದ. ಒಂದೊಂದು ಒಂದೊಂದು ಆಳದಲ್ಲಿರುವ ಈ ಐದು ನಮಗೆ ಒಂದೇ ಸಾಲಿನಂತೆ ಕಾಣುವುದು ನಾವು ನಿಂತ ಜಾಗದಿಂದ ಮಾತ್ರ. ನಮ್ಮಲ್ಲಿ ಜೂನ್ ತಿಂಗಳ ರಾತ್ರಿ, ಮೋಡವಿಲ್ಲದಿದ್ದರೆ, ದಕ್ಷಿಣ ದಿಗಂತದ ಮೇಲೆ ಕಾಣುವ ಆಲ್ಫಾ ಸೆಂಟಾರಿ, ಅಂದರೆ ಕಿನ್ನರ ಪುಂಜದ ಪ್ರಖರ ನಕ್ಷತ್ರ, ಕ್ಯಾಸಿಯೊಪಿಯಾಕ್ಕೆ ಸರಿಯಾಗಿ ವಿರುದ್ಧ ದಿಕ್ಕಿನಲ್ಲಿದೆ. ಕೇವಲ ನಾಲ್ಕೂ ಚಿಲ್ಲರೆ ಜ್ಯೋತಿರ್ವರ್ಷ ದೂರದ ಅಲ್ಲಿಂದ ನೋಡಿದರೆ ರಾಣಿಯ ಆಕಾರ ಹೆಚ್ಚುಕಡಿಮೆ ಹೀಗೇ ಇರುತ್ತದೆ, ಒಂದು ವ್ಯತ್ಯಾಸದೊಡನೆ: ಅವಳ ಕಾಲಿನ ಆಚೆ, ಆ ಅಂಕುಡೊಂಕು ಗೆರೆಯನ್ನು ಇನ್ನಷ್ಟು ಮುಂದಕ್ಕೆ ಎಳೆದಂತೆ, ಐದಕ್ಕಿಂತಲೂ ಪ್ರಖರವಾದ ಹಳದಿ ಛಾಯೆಯ ಆರನೆಯ ನಕ್ಷತ್ರವೊಂದು ಇರುತ್ತದೆ. ಅದು ನಮ್ಮ ಸೂರ್ಯ.